ಮಾಲೀಕನೂ ನೀನೇ, ಗಿರಾಕಿಯೂ ನೀನೇ

ಪುಟ್ಟೀ, ಸಚಿವಾಲಯದಲ್ಲಿ ನಿನ್ನನ್ನು ಸಾರಿಗೆ ಇಲಾಖೆಗೆ ಶಾಖಾಧಿಕಾರಿಯಾಗಿ ಹಾಕಿದ್ದಾರೆ, ನಾಲ್ಕೂ ರಸ್ತೆ ಸಾರಿಗೆ ನಿಗಮಗಳ ಕಡತಗಳು ಇನ್ನು ನಿನ್ನ ಮೇಜಿಗೇ ಬರುತ್ತವಂತೆ ಎಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಸಂತೋಷವಾಯಿತು, ಜೊತೆಗೆ ಸ್ವಲ್ಪ ಅಳುಕೂ ಆಯಿತು. ಈ ಮಾವನ ನೌಕರಿ ಪೂರ್ತಿ ಕಳೆದದ್ದು ಅಂಥದೇ ಒಂದು ನಿಗಮದ ಅಂಕಿಅಂಶ ಶಾಖೆಯಲ್ಲಿ. ನಿನ್ನ ಕುರ್ಚಿಯಿಂದ ಬರುತ್ತಿದ್ದ 'ಕೂಡಲೇ ಮಾಹಿತಿ ಕಳುಹಿಸಿ' ಎಂಬ ಪತ್ರಗಳಿಗೆ ಆಚೆ ಬದಿಯಲ್ಲಿ ಕೂತು ಉತ್ತರ ಸಿದ್ಧಮಾಡುತ್ತಿದ್ದವನು ನಾನು. ಆ ಕುರ್ಚಿಯಲ್ಲಿ ಜಾಣರು ಕೂತದ್ದನ್ನೂ ಕಂಡಿದ್ದೇನೆ, ಜಾಣರೇ ಒಂದು ಕಡೆ ಎಡವಿದ್ದನ್ನೂ ಕಂಡಿದ್ದೇನೆ. ಅದನ್ನು ನಿನಗೆ ಮೊದಲೇ ಹೇಳಿಬಿಡುತ್ತೇನೆ.

ಬಸ್ಸಿನ ವಿಚಾರದಲ್ಲಿ ಸರ್ಕಾರಕ್ಕೆ ಐದು ಪಾತ್ರಗಳಿವೆ. ನಿಗಮದ ಮಾಲೀಕ ಸರ್ಕಾರ. ಟಿಕೆಟ್ ದರ ನಿಗದಿ ಮಾಡುವುದೂ ಸರ್ಕಾರ. ಪರ್ಮಿಟ್ ಕೊಟ್ಟು, ಗಾಡಿ ರಸ್ತೆಗಿಳಿಯಲು ಯೋಗ್ಯವೇ ಎಂದು ಪರೀಕ್ಷಿಸುವುದೂ ಸರ್ಕಾರ. ಮೋಟಾರು ವಾಹನ ತೆರಿಗೆ ಎತ್ತುವುದೂ ಅದೇ. ಈಗಂತೂ ನಿಗಮಗಳ ಅತಿ ದೊಡ್ಡ ಗಿರಾಕಿಯೂ ಅದೇ. ಆದ್ದರಿಂದ ಕಡತ ತೆರೆದಾಗಲೆಲ್ಲ, ಟಿಪ್ಪಣಿ ಬರೆಯುವ ಮುಂಚೆ, 'ಈ ಕಾಗದದಲ್ಲಿ ಸರ್ಕಾರ ಯಾವ ಪಾತ್ರದಲ್ಲಿ ಮಾತಾಡುತ್ತಿದೆ?' ಎಂದು ಕೇಳಿಕೋ. ಮೇಲ್ವಿಚಾರಣೆ ಕೆಡುವುದು ಈ ಪಾತ್ರಗಳು ಕಲಸುಮೇಲೋಗರವಾದಾಗ. ನನ್ನ ಕಿವಿಮಾತು ಇಷ್ಟೇ ಕಣಮ್ಮ. ಉಳಿದದ್ದೆಲ್ಲ ಅದರ ವಿವರ.

ಮೊದಲು ಮಾಲೀಕನ ಮಾತು. ನಮ್ಮಲ್ಲಿ ಬಸ್ ಓಡಿಸುವ ಕೆಲಸ ಶುರುವಾದದ್ದೇ ಸರ್ಕಾರದ ಒಂದು ಇಲಾಖೆಯಾಗಿ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಹೊರಟಿತು. ಇಲಾಖೆ ಎಂದ ಮೇಲೆ ಟೈರು ಕೊಳ್ಳುವುದಕ್ಕೂ ಸರ್ಕಾರಿ ಪದ್ಧತಿಯೇ. 1961ರ ಆಗಸ್ಟ್ 1ರಂದು ಅದನ್ನು ನಿಗಮ ಮಾಡಿದರು. ಮುಂದೆ ಅದೇ ಬುಡದಿಂದ 1997ರಲ್ಲಿ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ ಮತ್ತು ಹುಬ್ಬಳ್ಳಿಯ ವಾಯವ್ಯ ಸಂಸ್ಥೆ, 2000ದಲ್ಲಿ ಕಲಬುರಗಿಯ ಈಶಾನ್ಯ ಸಂಸ್ಥೆ ಬೇರೆಯಾದವು. ಈಶಾನ್ಯ ಸಂಸ್ಥೆಗೆ ಈಗ ಕಲ್ಯಾಣ ಕರ್ನಾಟಕ ಎಂಬ ಹೆಸರು. ಇಲಾಖೆಯನ್ನು ನಿಗಮ ಮಾಡುವುದೆಂದರೆ ಸರ್ಕಾರ ತನ್ನ ಕೈಗೆ ತಾನೇ ಒಂದು ಮಿತಿ ಹಾಕಿಕೊಂಡಂತೆ. ನೀತಿ ನಾನು ಹೇಳುತ್ತೇನೆ, ದಿನನಿತ್ಯದ ವ್ಯವಹಾರ ನೀನು ನೋಡಿಕೋ ಎಂಬ ಒಪ್ಪಂದ ಅದು.

ಆ ಒಪ್ಪಂದ ಇರುವುದು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯಲ್ಲಿ. ಅದರ ಒಂದು ಪ್ರತಿ ತರಿಸಿ ಮೇಜಿನ ಮೇಲೆ ಇಟ್ಟುಕೋ, ಚಿಕ್ಕ ಪುಸ್ತಕ. 18ನೇ ಕಲಂ ಓದು: ದಕ್ಷ, ಸಾಕಷ್ಟು, ಮಿತವ್ಯಯದ, ಹೊಂದಾಣಿಕೆಯಿರುವ ಸಾರಿಗೆ ಕೊಡುವುದು ನಿಗಮದ ಕರ್ತವ್ಯ ಎನ್ನುತ್ತದೆ. 22ನೇ ಕಲಮಿಗೆ ಬಂದರೆ, ನಿಗಮ ವ್ಯಾಪಾರದ ತತ್ವದ ಮೇಲೆ ನಡೆಯಬೇಕು ಎನ್ನುತ್ತದೆ. ನಾಲ್ಕು ಜನ ಹತ್ತುವ ಊರಿಗೂ ಬಸ್ ಬಿಡು, ಕೈ ಕಚ್ಚದಂತೆಯೂ ನೋಡಿಕೋ ಎಂದಂತಾಯಿತು. ಈ ಎರಡರ ನಡುವಿನ ಎಳೆದಾಟವೇ ನಿನ್ನ ಶಾಖೆಯ ಮುಕ್ಕಾಲು ಕಡತ. ಆಮೇಲೆ 34ನೇ ಕಲಂ. ನಿಗಮಕ್ಕೆ ನಿರ್ದೇಶನ ಕೊಡುವ ಅಧಿಕಾರ ಸರ್ಕಾರಕ್ಕೆ ಬಂದಿರುವುದು ಅಲ್ಲಿಂದ. ಆದರೆ ಅಲ್ಲಿರುವುದು ನಿಗಮದ ಜೊತೆ ಸಮಾಲೋಚನೆ ಮಾಡಿ ಕೊಡುವ ಸಾಮಾನ್ಯ ಸ್ವರೂಪದ ಸೂಚನೆ. ಇಂಥ ಡಿಪೋದ ಇಂಥ ಕಂಡಕ್ಟರನ್ನು ಇಂಥ ಊರಿಗೆ ವರ್ಗ ಮಾಡಿ ಎನ್ನುವುದು ಸಾಮಾನ್ಯ ಸೂಚನೆಯಲ್ಲ. ನಮ್ಮ ಅತ್ತೆಯ ಊರಿಗೆ ಒಂದು ಬಸ್ ತಿರುಗಿಸಿ ಎನ್ನುವುದೂ ಅಲ್ಲ.

ಅಂಥ ಪತ್ರಗಳು ಬರುವುದಿಲ್ಲ ಎಂದುಕೊಳ್ಳಬೇಡ. ದಂಡಿಯಾಗಿ ಬರುತ್ತವೆ, ಫೋನಿನಲ್ಲಿ ಇನ್ನೂ ಹೆಚ್ಚು. ಶಾಸಕರು ತಮ್ಮ ಕ್ಷೇತ್ರಕ್ಕೆ ಬಸ್ ಕೇಳುವುದರಲ್ಲಿ ತಪ್ಪೇನಿಲ್ಲ. ಜನ ಅವರನ್ನು ಆರಿಸಿದ್ದೇ ಕೇಳಲಿ ಎಂದು. ನೀನು ಮಾಡಬೇಕಾದ್ದು, ಆ ಪತ್ರವನ್ನು 'ಪರಿಶೀಲಿಸಿ, ಕಾರ್ಯಸಾಧ್ಯತಾ ವರದಿಯೊಂದಿಗೆ' ಎಂದು ನಿಗಮಕ್ಕೆ ಕಳಿಸುವುದು. 'ಮೇಲಿನಂತೆ ಕ್ರಮ ಕೈಗೊಳ್ಳಿ' ಎಂದು ಬರೆದರೆ ಕತೆ ಬೇರೆಯಾಗುತ್ತದೆ. ಡಿಪೋ ಮ್ಯಾನೇಜರ್ ಎಲ್ಲಿಂದಲೋ ಒಂದು ಗಾಡಿ ಕಿತ್ತು ಅಲ್ಲಿಗೆ ಕೊಡುತ್ತಾನೆ. ಕಿತ್ತ ಊರಿನವರಿಗೆ ಪತ್ರ ಬರೆದುಕೊಡಲು ಯಾರೂ ಇರುವುದಿಲ್ಲ.

ಇನ್ನು ಗಿರಾಕಿಯ ಪಾತ್ರ. ನಿನ್ನ ಕಾಲಕ್ಕೆ ಇದೇ ಎಲ್ಲಕ್ಕಿಂತ ದೊಡ್ಡದು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಶೂನ್ಯ ಟಿಕೆಟ್. 2025ರ ಜುಲೈ ಹೊತ್ತಿಗೆ ಅಂಥ ಪ್ರಯಾಣಗಳು 500 ಕೋಟಿ ಮುಟ್ಟಿದವು. ಯೋಜನೆ ಒಳ್ಳೆಯದೋ ಅಲ್ಲವೋ ಎಂಬ ಚರ್ಚೆ ಕಟ್ಟೆಯ ಮೇಲೆ ಕೂತವರಿಗೆ ಬಿಡು. ಕೂಲಿಗೆ ಹೋಗುವ ಹೆಂಗಸು, ಪೇಟೆಯ ಆಸ್ಪತ್ರೆಗೆ ಮಗುವನ್ನು ಕರೆದೊಯ್ಯುವ ತಾಯಿ, ಕಾಲೇಜಿಗೆ ಹೋಗುವ ಹುಡುಗಿ ಬಸ್ ಹತ್ತಿದ್ದನ್ನು ನಾನೇ ಕಂಡಿದ್ದೇನೆ. ನಿನ್ನ ಮೇಜಿಗೆ ಬರುವ ಪ್ರಶ್ನೆ ಒಂದೇ: ಸರ್ಕಾರ ಕೊಂಡದ್ದಕ್ಕೆ ಸರ್ಕಾರ ದುಡ್ಡು ಕೊಟ್ಟಿತೇ, ಯಾವಾಗ ಕೊಟ್ಟಿತು?

ಶೂನ್ಯ ಟಿಕೆಟ್ಟಿನಲ್ಲಿ ಶೂನ್ಯ ಇರುವುದು ಪ್ರಯಾಣಿಕಳ ಪಾಲಿಗೆ ಮಾತ್ರ. ಕಂಡಕ್ಟರ್ ಮಿಷನ್ ಒತ್ತಿದಾಗ ಆ ಪ್ರಯಾಣದ ಮೌಲ್ಯ ನಿಗಮದ ಲೆಕ್ಕದಲ್ಲಿ ಬೀಳುತ್ತದೆ, ಅದನ್ನು ಸರ್ಕಾರ ತುಂಬಿಕೊಡಬೇಕು. 2025-26ರ ಬಜೆಟ್ಟಿನಲ್ಲಿ ಇದಕ್ಕಾಗಿ 5,300 ಕೋಟಿ ರೂಪಾಯಿ ಇಟ್ಟರು. ಅದೇ 2025ರ ಆರಂಭದಲ್ಲಿ ಇಂಧನ ಮತ್ತು ಭವಿಷ್ಯನಿಧಿಯ ಬಾಕಿ ತೀರಿಸಲು ನಾಲ್ಕೂ ನಿಗಮಗಳು ಸೇರಿ 2,000 ಕೋಟಿ ಸಾಲ ಎತ್ತುವುದಕ್ಕೆ ಸರ್ಕಾರವೇ ಅನುಮತಿ ಕೊಟ್ಟಿತು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ ಮಾಡಿಕೋ. ಬಿಲ್ಲು ಬಂದಷ್ಟೂ ಹಣ ಹೋಯಿತೇ, ಹೋದದ್ದು ಯಾವ ತಿಂಗಳಿನದು, ಉಳಿದ ಬಾಕಿ ಎಷ್ಟು ಎಂಬ ಪಟ್ಟಿ ಸದಾ ನಿನ್ನ ಬಳಿ ಇರಲಿ. ಅಂಗಡಿ ಯಜಮಾನನೇ ದಿನಾ ದಿನಸಿ ಕಟ್ಟಿಸಿಕೊಂಡು 'ಬರೆದುಕೊಳ್ಳಿ' ಎನ್ನುತ್ತ ಮನೆಗೆ ಒಯ್ದು, ವರ್ಷದ ಕೊನೆಗೆ ಗುಮಾಸ್ತನನ್ನು ನಿಲ್ಲಿಸಿ 'ನಷ್ಟ ಯಾಕಾಯಿತೋ?' ಎಂದು ಗದರಿದರೆ ಹೇಗಿರುತ್ತದೆ ಹೇಳು. ನಿಗಮ ನಷ್ಟದಲ್ಲಿದೆ ಎಂದು ಟಿಪ್ಪಣಿ ಬರೆಯುವ ಮುಂಚೆ ಸರ್ಕಾರದ ಖಾತೆಯಲ್ಲಿ ಎಷ್ಟು ಬರೆದುಕೊಂಡಿದೆ ಎಂಬುದನ್ನು ಒಂದು ಸಾಲಿನಲ್ಲಿ ಸೇರಿಸು. ವಿದ್ಯಾರ್ಥಿ ಪಾಸಿನ ಬಾಬತ್ತೂ ಮರೆಯಬೇಡ. ಅದರ ಹೊರೆಯನ್ನು ವಿದ್ಯಾರ್ಥಿ, ಸರ್ಕಾರ, ನಿಗಮ ಮೂವರೂ ಹೊರುತ್ತಾರೆ. ಶಕ್ತಿ ಬರುವುದಕ್ಕೆ ಎಷ್ಟೋ ಮೊದಲಿನಿಂದ ನಿಗಮದ ಭುಜದ ಮೇಲಿರುವ ಹೊರೆ ಅದು.

ಗಿರಾಕಿಗೆ ಹಕ್ಕೂ ಇದೆ. ಕೊಡುವ ದುಡ್ಡಿಗೆ ಸರಕು ಬಂತೇ ಎಂದು ಕೇಳುವ ಹಕ್ಕು. ಇಷ್ಟು ಶೂನ್ಯ ಟಿಕೆಟ್ ಎಂದು ನಿಗಮ ಬಿಲ್ಲು ಕೊಟ್ಟರೆ, ಮಿಷನ್ನಿನ ದತ್ತಾಂಶವನ್ನು ಮಾರ್ಗವಾರು ಕೇಳು. ಆಸನದ ಲೆಕ್ಕಕ್ಕೂ ಟಿಕೆಟ್ಟಿನ ಲೆಕ್ಕಕ್ಕೂ ತಾಳೆ ನೋಡು. ಮಾಲೀಕನಾಗಿ ಗದರುವುದಕ್ಕಿಂತ ಗಿರಾಕಿಯಾಗಿ ಲೆಕ್ಕ ಕೇಳಿದರೆ ಉತ್ತರ ನೇರವಾಗಿ ಬರುತ್ತದೆ. ಎದುರಿಗೆ ಕೂತು ಉತ್ತರ ಕೊಟ್ಟವನ ಮಾತು ಇದು.

ದರ ನಿಗದಿ ಮೂರನೆಯ ಪಾತ್ರ. ಮೋಟಾರು ವಾಹನ ಕಾಯ್ದೆಯ 67ನೇ ಕಲಮಿನ ಪ್ರಕಾರ ಪ್ರಯಾಣ ದರದ ಬಗ್ಗೆ ನಿರ್ದೇಶನ ಕೊಡುವುದು ರಾಜ್ಯ ಸರ್ಕಾರ. ಡೀಸೆಲ್ ದರ ನಮ್ಮ ಕೈಯಲ್ಲಿಲ್ಲ, ವೇತನ ಒಪ್ಪಂದ ಮುಂದೂಡಬಹುದಾದರೂ ತಪ್ಪಿಸಲಾಗದು, ಟಿಕೆಟ್ ದರಕ್ಕೆ ಮಾತ್ರ ಚುನಾವಣೆಯ ಪಂಚಾಂಗ. ಕೆಎಸ್‌ಆರ್‌ಟಿಸಿ, ವಾಯವ್ಯ, ಕಲ್ಯಾಣ ಕರ್ನಾಟಕ ಸಂಸ್ಥೆಗಳಲ್ಲಿ 2020ರ ಫೆಬ್ರವರಿಯ ನಂತರ ದರ ಏರಿದ್ದು 2025ರ ಜನವರಿ 5ರಂದು. ಬೆಂಗಳೂರಿನ ಬಿಎಂಟಿಸಿಯಲ್ಲಂತೂ ಸುಮಾರು ಹತ್ತು ವರ್ಷ ದರ ಅಲುಗಾಡಿರಲಿಲ್ಲ. ಏರಿಸಿದ್ದು ಶೇ 15. ವರ್ಷಕ್ಕೆ ಮೂರು ಪರ್ಸೆಂಟಿನಂತೆ ಏರಿದ್ದರೆ ಯಾರ ಗಮನಕ್ಕೂ ಬಾರದಿದ್ದದ್ದು ಒಂದೇ ಬೆಳಗ್ಗೆ ಬಿದ್ದಾಗ ದೊಡ್ಡ ಸುದ್ದಿಯಾಯಿತು. ದರ ಏರಿಸು ಎಂದು ನೀನು ಬರೆಯಬೇಕಾಗಿಲ್ಲ, ಅದು ಚುನಾಯಿತರು ತೆಗೆದುಕೊಳ್ಳುವ ತೀರ್ಮಾನ. ಆದರೆ ಪ್ರತಿವರ್ಷ ಒಂದು ಟಿಪ್ಪಣಿ ಮಂಡಿಸು: ಈ ವರ್ಷ ದರ ಪರಿಷ್ಕರಿಸದೆ ಇದ್ದುದರ ಬೆಲೆ ಇಷ್ಟು ಎಂದು. ತೀರ್ಮಾನ ಮುಂದೂಡುವುದಕ್ಕೂ ಖರ್ಚಿದೆ ಎಂಬುದು ಕಡತದಲ್ಲಾದರೂ ಕಾಣಲಿ.

ಪರ್ಮಿಟ್ಟು, ಎಫ್‌ಸಿ ಅಂದರೆ ಗಾಡಿಯ ಯೋಗ್ಯತಾ ಪತ್ರ ಕೊಡುವ ಪಾತ್ರದಲ್ಲಿ ಇನ್ನೂ ಎಚ್ಚರ ಬೇಕು. ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಸಭೆಯಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷರು, ಆರ್‌ಟಿಒ ಕಾರ್ಯದರ್ಶಿ. ಆ ಸಭೆಗೆ ಖಾಸಗಿ ಬಸ್ಸಿನವರೂ ಬರುತ್ತಾರೆ, ನಿಗಮದವರೂ ಬರುತ್ತಾರೆ, ಇಬ್ಬರೂ ಅರ್ಜಿದಾರರು. ಅದನ್ನು ಮನಗಂಡೇ ಅದೇ ಮೋಟಾರು ವಾಹನ ಕಾಯ್ದೆಯ 68ನೇ ಕಲಮಿನಲ್ಲಿ ಒಂದು ಷರತ್ತು ಹಾಕಿದ್ದಾರೆ: ಯಾವುದೇ ಸಾರಿಗೆ ಉದ್ಯಮದಲ್ಲಿ ಮಾಲೀಕನಾಗಿಯೋ ನೌಕರನಾಗಿಯೋ ಹಣಕಾಸಿನ ಹಿತಾಸಕ್ತಿ ಇರುವವರು ಪ್ರಾಧಿಕಾರದ ಸದಸ್ಯರಾಗುವಂತಿಲ್ಲ. ದಕ್ಷಿಣ ಕನ್ನಡ, ಉಡುಪಿಯಲ್ಲಿ ತಲೆಮಾರುಗಳಿಂದ ಜನರನ್ನು ಹೊತ್ತು ತಿರುಗಿದ್ದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಅಲ್ಲಿನ ಒಂದು ಮಾರ್ಗದ ಕಡತ ನಿನ್ನ ಮುಂದೆ ಬಂದಾಗ 'ನಮ್ಮ ನಿಗಮ' ಎಂಬ ಮಮತೆ ಪಕ್ಕಕ್ಕಿಡು. ಆಗ ನಿನ್ನ ಯೋಚನೆಯಲ್ಲಿ ನಿಲ್ಲಬೇಕಾದವನು ಬಸ್‌ಸ್ಟಾಪಿನಲ್ಲಿ ನಿಂತವನು ಮಾತ್ರ. ಮಾರ್ಗವನ್ನು ರಾಷ್ಟ್ರೀಕರಣ ಮಾಡಬೇಕಾದರೂ ಅದಕ್ಕೆ ಕಾಯ್ದೆಯ ಆರನೇ ಅಧ್ಯಾಯದಲ್ಲಿ ದಾರಿಯಿದೆ: ಪ್ರಸ್ತಾವ ಪ್ರಕಟಿಸು, ಆಕ್ಷೇಪಣೆಗೆ ಅವಕಾಶ ಕೊಡು, ಕೇಳು, ಆಮೇಲೆ ತೀರ್ಮಾನಿಸು.

ಸುರಕ್ಷತೆಯ ಕಡತವನ್ನು ಮಾತ್ರ ಯಾವ ಕಾರಣಕ್ಕೂ ರಾಶಿಯ ಅಡಿಗೆ ಹಾಕಬೇಡ. 2013ರ ಅಕ್ಟೋಬರ್ 30ರ ನಸುಕಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಮೆಹಬೂಬ್‌ನಗರದ ಪಾಲೆಂ ಬಳಿ ಹೊತ್ತಿ ಉರಿದು 45 ಜನ ಸತ್ತರು. ಎರಡು ವಾರ ಕಳೆಯುತ್ತಿದ್ದಂತೆ, ನವೆಂಬರ್ 14ರಂದು, ಹಾವೇರಿ ಬಳಿ ಮುಂಬಯಿ ಕಡೆಯ ಇನ್ನೊಂದು ಬಸ್ಸು ಉರಿದು ಏಳು ಜನ. ಅದಾದ ಮೇಲೆ ತುರ್ತು ಬಾಗಿಲು, ಗಾಜು ಒಡೆಯುವ ಸುತ್ತಿಗೆ ಎಲ್ಲರ ಬಾಯಲ್ಲೂ ಬಂತು. ಎಫ್‌ಸಿಯ ಕಾಗದ ಸರಿಯಿದ್ದ ಮಾತ್ರಕ್ಕೆ ತುರ್ತು ಬಾಗಿಲು ತೆರೆಯುತ್ತದೆಂದು ಅರ್ಥವಲ್ಲ. ಬಾಗಿಲಿಗೆ ಅಡ್ಡವಾಗಿ ಒಂದು ಸೀಟು ಹೆಚ್ಚಿಗೆ ಜೋಡಿಸಿದ್ದರೆ ಅದು ಕಾಗದದಲ್ಲಿ ಕಾಣುವುದಿಲ್ಲ. ಈ ನಿಯಮ ನಿಗಮದ ಬಸ್ಸಿಗೂ ಅಷ್ಟೇ ಬಿಗಿಯಾಗಿರಲಿ. ಸ್ವಂತದ್ದೆಂದು ಸಡಿಲ ಬಿಟ್ಟರೆ ಖಾಸಗಿಯವನನ್ನು ಕೇಳುವ ನೈತಿಕ ಬಲ ಆರ್‌ಟಿಒಗೆ ಎಲ್ಲಿಂದ ಬರಬೇಕು?

ತೆರಿಗೆಯ ಪಾತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಕೈಯಿಂದ ತೆರಿಗೆ ಪಡೆದು ಇನ್ನೊಂದು ಕೈಯಿಂದ ಸಹಾಯಧನ ಕೊಟ್ಟರೆ ಎರಡನ್ನೂ ಒಂದೇ ಹಾಳೆಯಲ್ಲಿ ತೋರಿಸು. ಸಹಾಯಧನ ಮಾತ್ರ ತೋರಿಸಿದರೆ ಸರ್ಕಾರ ದೊಡ್ಡ ದಾನಿಯಂತೆ ಕಾಣುತ್ತದೆ, ಲೆಕ್ಕ ಅರ್ಧ ಆಗುತ್ತದೆ.

ಈಗ ಅಂಕಿಅಂಶದವನಾಗಿ ನನ್ನ ಸ್ವಂತ ಕಸುಬಿನ ಮಾತು. ನಿನಗೆ ತಿಂಗಳ ಪ್ರಗತಿ ವರದಿ ಬರುತ್ತದೆ. ಅದರಲ್ಲಿ ಎಲ್ಲರ ಕಣ್ಣು ಹೋಗುವುದು ಇಪಿಕೆಎಂ, ಅಂದರೆ ಕಿಲೋಮೀಟರಿಗೆ ಬಂದ ಆದಾಯದ ಮೇಲೆ. ಅದು ಏರಿದರೆ ಶಭಾಸ್, ಇಳಿದರೆ ನೋಟಿಸ್. ಆದರೆ ಆ ಅಂಕಿಯನ್ನು ಏರಿಸುವ ಸುಲಭದ ದಾರಿ ಡಿಪೋದಲ್ಲಿ ಎಲ್ಲರಿಗೂ ಗೊತ್ತು.

ಲೆಕ್ಕಕ್ಕೆಂದು ಒಂದು ಉದಾಹರಣೆ ಹಿಡಿ. ಒಂದು ಬಸ್ಸು ದಿನಕ್ಕೆ 320 ಕಿಲೋಮೀಟರು ಓಡಿ 12,800 ರೂಪಾಯಿ ತರುತ್ತದೆ. ಕಿಲೋಮೀಟರಿಗೆ 40 ರೂಪಾಯಿ ಬಿತ್ತು. ಅದರಲ್ಲಿ ಸಂಜೆಯ ಕೊನೆಯ ಟ್ರಿಪ್ಪು 40 ಕಿಲೋಮೀಟರು, ಬರುವುದು 800 ರೂಪಾಯಿ ಮಾತ್ರ. ಆ ಟ್ರಿಪ್ಪು ಕಟ್ ಮಾಡು. 280 ಕಿಲೋಮೀಟರಿಗೆ 12,000 ಉಳಿಯಿತು, ಕಿಲೋಮೀಟರಿಗೆ 42 ರೂಪಾಯಿ 86 ಪೈಸೆ. ಅಂಕಿ ಏರಿತು, ವರದಿ ಚೆನ್ನಾಯಿತು. ನಿಜಕ್ಕೂ ಉಳಿದದ್ದೇನು? ಲೀಟರಿಗೆ ಐದು ಕಿಲೋಮೀಟರ್ ಎಂದರೆ ಎಂಟು ಲೀಟರ್ ಡೀಸೆಲ್. ಲೀಟರಿಗೆ 90 ರೂಪಾಯಿಯಂತೆ 720. ಡ್ರೈವರ್, ಕಂಡಕ್ಟರ್ ಸಂಬಳ ಉಳಿಯಲಿಲ್ಲ, ಗಾಡಿಯ ಸಾಲದ ಬಡ್ಡಿ ಉಳಿಯಲಿಲ್ಲ. 720 ಉಳಿಸಲು 800 ಬಿಟ್ಟಂತಾಯಿತು. ಟೈರಿನ ಸವೆತ ಸೇರಿಸಿದರೂ ಅಲ್ಲಿಗಲ್ಲಿಗೆ. ಆ ಟ್ರಿಪ್ಪಿನಲ್ಲಿ ಊರಿಗೆ ಹೋಗಬೇಕಿದ್ದವರು ಬಸ್‌ಸ್ಟ್ಯಾಂಡಿನಲ್ಲಿ ಉಳಿದರು. ಅದೇ ಗಾಡಿ ಊರಲ್ಲಿ ರಾತ್ರಿ ನಿಲ್ಲುವ ವಸ್ತಿ ಬಸ್ಸಾಗಿದ್ದರೆ ಬೆಳಗಿನ ಮೊದಲ ಟ್ರಿಪ್ಪೂ ಹೋಯಿತು. ಹಾಲಿನವನು, ತರಕಾರಿಯವಳು, ಪರೀಕ್ಷೆಗೆ ಹೋಗುವ ಮಕ್ಕಳು ಎಲ್ಲರಿಗೂ ತಪ್ಪಿತು.

ಆದ್ದರಿಂದ ಇಪಿಕೆಎಂ ಪಕ್ಕದಲ್ಲಿ ರದ್ದಾದ ಕಿಲೋಮೀಟರಿನ ಕಾಲಂ ಕೇಳು, ಕಾರಣ ಸಹಿತ. ಸಿಬ್ಬಂದಿ ಕೊರತೆಯೋ, ಬ್ರೇಕ್‌ಡೌನೋ, ಮದುವೆಗೆ ಜಾತ್ರೆಗೆ ಗಾಡಿ ಒಪ್ಪಂದದ ಮೇಲೆ ಹೋಗಿತ್ತೋ, ಸರ್ಕಾರದ್ದೇ ಸಮಾವೇಶಕ್ಕೆ ಜನರನ್ನು ತರಲು ಹೋಗಿತ್ತೋ. ಕೊನೆಯ ಕಾರಣ ನಾಲ್ಕಾರು ಜಿಲ್ಲೆಗಳಲ್ಲಿ ಒಂದೇ ದಿನ ಕಂಡರೆ ಆ ದಿನದ ರದ್ದಿಗೆ ಡಿಪೋ ಮ್ಯಾನೇಜರಿಗೆ ನೋಟಿಸ್ ಕೊಡಬೇಡ. ಬಿಲ್ಲು ಯಾರಿಗೆ ಹೋಗಬೇಕೋ ಅವರಿಗೆ ಹೋಯಿತೇ ಎಂದು ನೋಡು.

ವರ್ಷಕ್ಕೊಮ್ಮೆಯಾದರೂ ಯಾವುದಾದರೂ ತಾಲ್ಲೂಕಿನ ಡಿಪೋಕ್ಕೆ ಬೆಳಗಿನ ಐದಕ್ಕೆ ಹೋಗಿ ನಿಲ್ಲು. ಮುಂಚೆ ಹೇಳಿ ಹೋಗಬೇಡ, ಹೇಳಿದರೆ ರಂಗೋಲಿ ಹಾಕಿರುತ್ತಾರೆ. ಲಾಗ್ ಶೀಟ್ ತರಿಸಿ, ಹಿಂದಿನ ದಿನ ಡ್ರೈವರ್ ಬರೆದಿರುವ ದೂರು ಓದು. 'ಬ್ರೇಕ್ ಎಳೆಯುತ್ತಿದೆ', 'ವೈಪರ್ ಇಲ್ಲ', 'ಹೆಡ್‌ಲೈಟ್ ಒಂದೇ'. ಎದುರಿಗೆ ಮೆಕ್ಯಾನಿಕ್ ಸಹಿ ಇದೆಯೇ, ಅದೇ ದೂರು ಮೂರು ದಿನದಿಂದ ಬರುತ್ತಿದೆಯೇ ನೋಡು. ಲಾಗ್ ಶೀಟಿನಲ್ಲಿ ಡ್ರೈವರ್ ಸೊಟ್ಟ ಅಕ್ಷರದಲ್ಲಿ ಬರೆದ ಒಂದು ಸಾಲು ನಿನ್ನ ಇಡೀ ತಿಂಗಳ ವರದಿಗಿಂತ ಹೆಚ್ಚು ಹೇಳುತ್ತದೆ.

ಡ್ರೈವರು, ಕಂಡಕ್ಟರುಗಳ ಕಡತವನ್ನು ಕಾರ್ಮಿಕ ತಕರಾರು ಎಂಬ ಕಟ್ಟಿಗೆ ಸೇರಿಸಿ ಮರೆಯುವವರಿದ್ದಾರೆ. 2021ರ ಏಪ್ರಿಲ್‌ನ ಮುಷ್ಕರ ನೆನಪಿದೆ ತಾನೇ? ಸರ್ಕಾರಿ ನೌಕರರ ವೇತನ ನಮಗೂ ಕೊಡಿ ಎಂದು ಬಸ್ಸುಗಳನ್ನು ನಿಲ್ಲಿಸಿದರು, ದಿನಗಟ್ಟಲೆ ಜನ ಪರದಾಡಿದರು. ಅವರ ಬೇಡಿಕೆ ಪೂರ್ತಿ ಒಪ್ಪಬೇಕೋ ಬೇಡವೋ, ಅದು ದೊಡ್ಡವರ ತೀರ್ಮಾನ. ಆದರೆ ಅದರಲ್ಲೊಂದು ನ್ಯಾಯವಾದ ಪ್ರಶ್ನೆಯಿದೆ: ಆದೇಶ ಮಾಡುವಾಗ ನಾವು ಸರ್ಕಾರದವರು, ಸಂಬಳದ ಮಾತು ಬಂದಾಗ ನಿಗಮದವರು, ಇದು ಹೇಗೆ? ಪಾತ್ರಗಳು ಕಲಸಿಹೋದದ್ದರ ಬಿಸಿ ಮೊದಲು ತಟ್ಟುವುದು ಇವರಿಗೇ.

ಸದನ ಸೇರಿದಾಗ ನಿನ್ನ ಶಾಖೆಯಲ್ಲಿ ಊಟಕ್ಕೂ ಬಿಡುವಿರುವುದಿಲ್ಲ. ಚುಕ್ಕೆ ಗುರುತಿನ ಪ್ರಶ್ನೆ, ಚುಕ್ಕೆ ಗುರುತಿಲ್ಲದ ಪ್ರಶ್ನೆ ಎಂದು ಕಂತೆ ಬರುತ್ತದೆ. 'ಮಾಹಿತಿ ಸಂಗ್ರಹಿಸಲಾಗುತ್ತಿದೆ' ಎಂಬ ಉತ್ತರ ಕೈಗೆ ಸುಲಭ, ಅದನ್ನು ಚಟ ಮಾಡಿಕೊಳ್ಳಬೇಡ. ನಿಗಮದ ಲೆಕ್ಕಪರಿಶೋಧನೆ ಮಹಾಲೇಖಪಾಲರದು. ವಾರ್ಷಿಕ ವರದಿ ಸದನದ ಮುಂದೆ ಹೋಗಬೇಕೆಂದು ಅದೇ 1950ರ ಕಾಯ್ದೆ ಹೇಳುತ್ತದೆ. ಸಾರ್ವಜನಿಕ ಉದ್ಯಮಗಳ ಸಮಿತಿ ಎಂಬುದೂ ಇದೆ. ಇವರೆಲ್ಲ ನಿನ್ನ ಮೇಲೆ ಬಿದ್ದ ಹೊರೆ ಎಂದು ನೋಡುವ ಬದಲು ನಿನ್ನ ಬೆನ್ನಿಗಿರುವವರು ಎಂದು ನೋಡು. ಬಾಕಿಯ ವಿಚಾರ ನೀನು ಹತ್ತು ಸಲ ಬರೆದರೂ ಕದಲದ ಕಡತ ಒಂದು ಆಡಿಟ್ ಪ್ಯಾರಾ ಬಂದರೆ ಕದಲುತ್ತದೆ. ವಾರ್ಷಿಕ ವರದಿ ವರ್ಷಗಟ್ಟಲೆ ತಡವಾದರೆ ಆ ಬಲವೂ ಕೈತಪ್ಪುತ್ತದೆ, ಆರಿದ ಗಂಜಿಯನ್ನು ಯಾರೂ ಕೇಳುವುದಿಲ್ಲ.

ಕೊನೆಗೆ, ನಾಳೆಯಿಂದಲೇ ಮಾಡಬಹುದಾದ ಒಂದು ಕೆಲಸ. ನಿನ್ನ ಶಾಖೆಯಿಂದ ನಿಗಮಗಳಿಗೆ ಹೋಗುವ ಪ್ರತಿ ಆದೇಶದ ಕರಡಿನ ಕೆಳಗೆ ಎರಡು ಸಾಲು ಸೇರಿಸುವ ರೂಢಿ ಮಾಡು. ಒಂದು, ಈ ಆದೇಶ ಯಾವ ಕಲಮಿನ ಅಡಿಯಲ್ಲಿ. ಎರಡು, ಇದರ ಖರ್ಚು ಯಾವ ಲೆಕ್ಕಶೀರ್ಷಿಕೆಯಿಂದ. ಮೊದಲ ಸಾಲು ತುಂಬಲಾಗದಿದ್ದರೆ ಆ ಆದೇಶ ಕೊಡುವ ಅಧಿಕಾರ ನಮಗಿಲ್ಲ ಎಂದರ್ಥ. ಎರಡನೆಯದು ತುಂಬಲಾಗದಿದ್ದರೆ ಅದರ ದುಡ್ಡು ಯಾವುದೋ ಊರಿನ ಸಂಜೆಯ ಟ್ರಿಪ್ಪಿನಿಂದ ಹೋಗುತ್ತದೆ ಎಂದರ್ಥ. ಮೇಲಿನವರು 'ಇದೆಲ್ಲ ಯಾಕಮ್ಮ' ಎಂದು ಕೇಳುತ್ತಾರೆ. ಕೇಳಲಿ. ನಯವಾಗಿ, ಕಾಯ್ದೆಯ ಪುಟ ತೋರಿಸಿ ಹೇಳು. ಆಮೇಲೂ 'ಇರಲಿ, ಹಾಗೇ ಕಳಿಸು' ಎಂದರೆ ಆ ಮಾತನ್ನು ಟಿಪ್ಪಣಿಯಲ್ಲೇ ಬರೆದು ಸಹಿ ಕೇಳು. ಬಾಯಲ್ಲಿ ಹೇಳಿದವರು ಎಷ್ಟೋ ಸಲ ಸಹಿ ಹಾಕುವ ಹೊತ್ತಿಗೆ ಮನಸ್ಸು ಬದಲಿಸುತ್ತಾರೆ, ಆಗ ಕಡತ ತಾನಾಗಿ ಸರಿದಾರಿಗೆ ಬರುತ್ತದೆ.